ಗಡಿನಾಡಿನಲ್ಲಿ ಸುದ್ದಿಯನ್ನು ಪರಿಶೀಲಿಸುವ ಬಗೆ: ಕಾಸರಗೋಡಿನ ಕನ್ನಡ ಓದುಗರಿಗೆ ಸಮಗ್ರ ಮಾರ್ಗದರ್ಶಿ

2021ರ ಜೂನ್ ತಿಂಗಳ ಕೊನೆಯಲ್ಲಿ, ಕಾಸರಗೋಡು ಜಿಲ್ಲೆಯ ಹಲವು ಊರುಗಳ ಕನ್ನಡ ಮತ್ತು ತುಳು ಹೆಸರುಗಳನ್ನು ಕೇರಳ ಸರ್ಕಾರ ಮಲಯಾಳಕ್ಕೆ ಬದಲಾಯಿಸಲು ಹೊರಟಿದೆ ಎಂಬ ಸುದ್ದಿ ಪತ್ರಿಕೆ, ವಾಹಿನಿ ಮತ್ತು ಜಾಲತಾಣಗಳಲ್ಲಿ ಒಮ್ಮೆಲೇ ಹರಡಿತು. ಮಧೂರು ಮಧೂರಂ ಆಗಲಿದೆ, ಮಲ್ಲ ಮಲ್ಲಂ ಆಗಲಿದೆ, ಕಾರಡ್ಕ ಕಾಡಗಂ ಆಗಲಿದೆ, ಹೊಸದುರ್ಗ ಪುದಿಯಕೋಟ ಆಗಲಿದೆ ಎಂದು ಒಂದು ಪಟ್ಟಿಯೂ ಅದರೊಂದಿಗಿತ್ತು. ಕರ್ನಾಟಕದ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಕೇರಳದ ಮುಖ್ಯಮಂತ್ರಿಗೆ ಪತ್ರ ಬರೆಯುವವರೆಗೂ ವಿಷಯ ಬೆಳೆಯಿತು. ಅಂಥ ಪ್ರಸ್ತಾವವೇ ಇಲ್ಲವೆಂದು ಕೇರಳದ ಕಡೆಯಿಂದ ಸ್ಪಷ್ಟನೆ ಬಂದಿತಾದರೂ, ಆ ಪಟ್ಟಿಯನ್ನು ಹಂಚಿದವರಲ್ಲಿ ಎಷ್ಟೋ ಮಂದಿಗೆ ಸ್ಪಷ್ಟನೆ ತಲುಪಲೇ ಇಲ್ಲ.

ಆ ಸುದ್ದಿಯನ್ನು ನಂಬಿದವರು ಮುಗ್ಧರೆಂದು ಹೇಳಿ ಮುಂದೆ ಹೋಗುವುದು ಅನ್ಯಾಯವಾಗುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟರೂ ಅದು ಜಾರಿಗೆ ಬರಲಿಲ್ಲ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ಇಲ್ಲಿನ ಕನ್ನಡಿಗರು ಬೀದಿಗಿಳಿದು ಪ್ರತಿಭಟಿಸಿದರು. ಇಷ್ಟನ್ನು ಅನುಭವಿಸಿದ ಜನರಿಗೆ ಹೆಸರು ಬದಲಾವಣೆಯ ಸುದ್ದಿ ಸಹಜವಾಗಿಯೇ ನಿಜವೆಂದು ತೋರಿತು. ಗಡಿನಾಡಿನಲ್ಲಿ ಸುದ್ದಿಯನ್ನು ಪರಿಶೀಲಿಸುವ ಕೆಲಸ ಕಷ್ಟವಾಗುವುದು ಇಲ್ಲಿಯೇ. ಸಂದೇಶದ ಹಿಂದಿನ ನೋವು ನಿಜವಾಗಿರುತ್ತದೆ. ಸಂದೇಶ ಹೇಳುವ ಸಂಗತಿ ನಿಜವೋ ಎಂಬುದನ್ನು ಮಾತ್ರ ಬೇರೆಯಾಗಿಯೇ ನೋಡಬೇಕಾಗುತ್ತದೆ. ಈ ಎರಡನ್ನೂ ಒಂದೇ ಎಂದು ಭಾವಿಸಿದರೆ ನೋವಿಗೂ ನಷ್ಟ, ಏಕೆಂದರೆ ಒಂದು ಸುಳ್ಳು ಬಯಲಾದ ಮರುದಿನ ನಿಜವಾದ ದೂರನ್ನೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕೆಳಗಿನ ಕ್ರಮವನ್ನು ಕುಟುಂಬದ ಗುಂಪು, ಶಾಲೆಯ ಪೋಷಕರ ಗುಂಪು, ದೇವಸ್ಥಾನ ಅಥವಾ ಮಸೀದಿ ಸಮಿತಿಯ ಗುಂಪುಗಳನ್ನು ನೋಡಿಕೊಳ್ಳುವವರು ಮತ್ತು ಪತ್ರಿಕೆಗಳಿಗೆ ಊರಿನ ಸುದ್ದಿ ಕಳುಹಿಸುವವರು ಮನಸ್ಸಿನಲ್ಲಿರಿಸಿಕೊಂಡು ಬರೆಯಲಾಗಿದೆ.

ಮೊದಲ ಹೆಜ್ಜೆ: ಸಂದೇಶವನ್ನು ಬಿಡಿಸಿ ಬರೆದುಕೊಳ್ಳಿ

ಒಂದು ಕಾಗದ ತೆಗೆದುಕೊಂಡು, ಬಂದ ಸಂದೇಶದಲ್ಲಿ ಎಷ್ಟು ಬೇರೆ ಬೇರೆ ಮಾತುಗಳಿವೆ ಎಂದು ಬರೆಯಿರಿ. ಹೆಸರು ಬದಲಾವಣೆಯ ಸಂದೇಶವನ್ನೇ ತೆಗೆದುಕೊಂಡರೆ ಅದರಲ್ಲಿ ಕನಿಷ್ಠ ಮೂರು ಮಾತುಗಳಿವೆ. ಕಾಸರಗೋಡಿನಲ್ಲಿ ಕನ್ನಡಕ್ಕೆ ಸಿಗಬೇಕಾದ ಸ್ಥಾನ ಸಿಗುತ್ತಿಲ್ಲ ಎಂಬುದು ಮೊದಲನೆಯದು. ಇದು ಅಭಿಪ್ರಾಯ, ಅದಕ್ಕೆ ಆಧಾರಗಳೂ ಇವೆ. ಸರ್ಕಾರ ಹೆಸರು ಬದಲಾಯಿಸಲು ನಿರ್ಧರಿಸಿದೆ ಎಂಬುದು ಎರಡನೆಯದು. ಇದು ಸಂಗತಿ, ಹೌದು ಅಥವಾ ಅಲ್ಲ ಎಂದು ಹೇಳಬಹುದಾದದ್ದು. ಇಂತಿಂಥ ಊರುಗಳು ಇಂತಿಂಥ ಹೆಸರು ಪಡೆಯಲಿವೆ ಎಂಬ ಪಟ್ಟಿ ಮೂರನೆಯದು. ಹೀಗೆ ಬಿಡಿಸಿದ ಕೂಡಲೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಮಂಜೇಶ್ವರಂ, ನೆಲ್ಲಿಕುನ್ನ್ ಮುಂತಾದ ರೂಪಗಳು ಮಲಯಾಳ ಮಾತನಾಡುವವರ ಬಾಯಲ್ಲಿಯೂ ಮಲಯಾಳ ಬರವಣಿಗೆಯಲ್ಲಿಯೂ ಬಹುಕಾಲದಿಂದ ಇರುವಂಥವು. ಬಳಕೆಯಲ್ಲಿರುವ ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟರೆ ಅದು ಸರ್ಕಾರದ ಹೊಸ ಆದೇಶದಂತೆ ಕಾಣಬಲ್ಲದು. ಪಟ್ಟಿ ಇದೆ ಎಂಬುದು ಆದೇಶ ಇದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಪರಿಶೀಲನೆಗೆ ಒಳಪಡಬೇಕಾದದ್ದು ಎರಡನೆಯ ಮಾತು ಮಾತ್ರ. ಯಾರು, ಯಾವಾಗ, ಯಾವ ಕಾಗದದ ಮೂಲಕ ನಿರ್ಧರಿಸಿದರು ಎಂಬ ಮೂರು ಪ್ರಶ್ನೆಗಳಿಗೆ ಸಂದೇಶದಲ್ಲಿ ಉತ್ತರವಿಲ್ಲದಿದ್ದರೆ, ಅಷ್ಟರಿಂದಲೇ ಅದು ಸುಳ್ಳಾಗುವುದಿಲ್ಲ. ಆದರೆ ಉತ್ತರ ಸಿಗುವವರೆಗೆ ಅದನ್ನು ಮುಂದಕ್ಕೆ ಕಳುಹಿಸಬಾರದು.

ಎರಡನೆಯ ಹೆಜ್ಜೆ: ಅಧಿಕಾರ ಯಾರದು ಎಂದು ತಿಳಿಯಿರಿ

ಎರಡು ರಾಜ್ಯಗಳ ಸುದ್ದಿ ಒಂದೇ ಫೋನಿಗೆ ಬರುವ ಕಡೆ ಅತಿ ಹೆಚ್ಚು ಗೊಂದಲಗಳು ಹುಟ್ಟುವುದು ಈ ಪ್ರಶ್ನೆ ಕೇಳದಿರುವುದರಿಂದ. ಮಳೆಗಾಲದ ರಜೆಯ ವಿಷಯವನ್ನು ನೋಡಿ. ಮಂಗಳೂರಿನ ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ಅದು ದಕ್ಷಿಣ ಕನ್ನಡಕ್ಕೆ ಅನ್ವಯ. ವರ್ಕಾಡಿಯ ಮಗು ಮಂಜೇಶ್ವರದ ಶಾಲೆಗೆ ಹೋಗುವುದಾದರೆ ಆ ಮಗುವಿಗೆ ರಜೆ ಕೊಡಬೇಕಾದವರು ಕಾಸರಗೋಡಿನ ಕಲೆಕ್ಟರ್. ಅದೇ ಮನೆಯ ಅಣ್ಣ ತಲಪಾಡಿ ದಾಟಿ ಮಂಗಳೂರಿನ ಕಾಲೇಜಿಗೆ ಹೋಗುವವನಾದರೆ ಅವನಿಗೆ ಮಂಗಳೂರಿನ ಆದೇಶವೇ ಅನ್ವಯ. ‘ಜಿಲ್ಲೆಯ ಶಾಲೆ ಕಾಲೇಜುಗಳಿಗೆ ನಾಳೆ ರಜೆ’ ಎಂಬ ಸಂದೇಶದಲ್ಲಿ ಜಿಲ್ಲೆಯ ಹೆಸರು, ದಿನಾಂಕ ಮತ್ತು ಯಾವ ಯಾವ ಸಂಸ್ಥೆಗಳಿಗೆ ಎಂಬ ವಿವರ ಇಲ್ಲದಿದ್ದರೆ, ಎರಡೂ ಜಿಲ್ಲಾಡಳಿತಗಳ ಅಧಿಕೃತ ಫೇಸ್‌ಬುಕ್ ಪುಟಗಳನ್ನು ನೀವೇ ತೆರೆದು ನೋಡಬೇಕು. ಬೇರೊಬ್ಬರು ಕಳುಹಿಸಿದ ಸ್ಕ್ರೀನ್‌ಶಾಟ್ ನೋಡಿದರೆ ಸಾಲದು, ಏಕೆಂದರೆ ಕಳೆದ ವರ್ಷದ ಆದೇಶದ ದಿನಾಂಕ ತಿದ್ದಿ ಹೊಸದಾಗಿ ಕಾಣಿಸುವುದಕ್ಕೆ ಎರಡು ನಿಮಿಷ ಸಾಕು.

ಹವಾಮಾನದ ಎಚ್ಚರಿಕೆಯೂ ಹಾಗೆಯೇ. ಭಾರತೀಯ ಹವಾಮಾನ ಇಲಾಖೆಯ ತಿರುವನಂತಪುರದ ಕೇಂದ್ರ ಕಾಸರಗೋಡಿಗೂ ಬೆಂಗಳೂರಿನ ಕೇಂದ್ರ ದಕ್ಷಿಣ ಕನ್ನಡಕ್ಕೂ ಮುನ್ಸೂಚನೆ ಕೊಡುತ್ತವೆ. ಹಳದಿ ಎಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್, ಕಿತ್ತಳೆ ಎಂದರೆ 204.4 ಮಿಲಿಮೀಟರ್‌ವರೆಗೆ, ಕೆಂಪು ಎಂದರೆ ಅದಕ್ಕೂ ಹೆಚ್ಚು ಮಳೆಯ ಸಾಧ್ಯತೆ. ಈ ಅಂಕಿಗಳನ್ನು ತಿಳಿದವರಿಗೆ ‘ಮೂರು ದಿನ ಪ್ರಳಯ’ ಎಂಬಂಥ ಒಕ್ಕಣೆ ಹವಾಮಾನ ಇಲಾಖೆಯದಲ್ಲ ಎಂಬುದು ನೋಡಿದೊಡನೆ ಗೊತ್ತಾಗುತ್ತದೆ.

ಹರತಾಳದ ಸಂದೇಶಗಳು ಬಂದಾಗ ಕರೆ ಕೊಟ್ಟವರು ಯಾರು ಎಂಬುದೇ ಮುಖ್ಯ ಪ್ರಶ್ನೆ. 2018ರ ಏಪ್ರಿಲ್ 16ರಂದು ಕೇರಳದಲ್ಲಿ, ಮುಖ್ಯವಾಗಿ ಉತ್ತರದ ಜಿಲ್ಲೆಗಳಲ್ಲಿ, ಯಾವ ಸಂಘಟನೆಯೂ ಹೊಣೆ ಹೊರದ, ಕೇವಲ ವಾಟ್ಸ್‌ಆ್ಯಪ್ ಸಂದೇಶಗಳಿಂದ ಹುಟ್ಟಿದ ಹರತಾಳ ನಡೆದು ಅಂಗಡಿಗಳು ಮುಚ್ಚಿದವು, ಕಲ್ಲುತೂರಾಟವಾಯಿತು, ನೂರಾರು ಮಂದಿ ಬಂಧನಕ್ಕೊಳಗಾದರು. ಹರತಾಳಕ್ಕೆ ಏಳು ದಿನ ಮೊದಲೇ ಸೂಚನೆ ಕೊಡಬೇಕೆಂದು ಕೇರಳ ಹೈಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಆ ನಿಯಮವನ್ನು ಮೀರಿ ಕರೆ ಕೊಟ್ಟವರೂ ಇದ್ದಾರಾದ್ದರಿಂದ ಸೂಚನೆಯಿಲ್ಲ ಎಂಬುದೊಂದರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಸಂಘಟನೆಯ ಹೆಸರೂ ಜವಾಬ್ದಾರಿಯಿರುವ ನಾಯಕರ ಹೇಳಿಕೆಯೂ ಇಲ್ಲದ ಕರೆಯನ್ನಂತೂ ಹಂಚುವ ಅಗತ್ಯವಿಲ್ಲ.

ಊರ ಹೆಸರಿನ ವಿಷಯಕ್ಕೆ ಮರಳಿದರೆ, ಅದಕ್ಕೊಂದು ನಿಗದಿತ ದಾರಿಯಿದೆ. ರಾಜ್ಯ ಸರ್ಕಾರದ ಪ್ರಸ್ತಾವ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗಬೇಕು. 1953ರ ಮಾರ್ಗಸೂಚಿಯನ್ನು ಅನುಸರಿಸಿ ಸಚಿವಾಲಯ ರೈಲ್ವೆ, ಅಂಚೆ ಇಲಾಖೆ ಮತ್ತು ಸರ್ವೆ ಆಫ್ ಇಂಡಿಯಾದ ಅಭಿಪ್ರಾಯ ಪಡೆಯುತ್ತದೆ. ಕೊನೆಗೆ ಆದೇಶ ಹೊರಡಬೇಕು. ಇಷ್ಟು ಕಚೇರಿಗಳನ್ನು ದಾಟಬೇಕಾದ ವಿಷಯ ಒಂದು ಕಾಗದವನ್ನೂ ಉಳಿಸದೆ ನಡೆಯುವುದು ಸಾಧ್ಯವಿಲ್ಲ. ಹೀಗಾಗಿ 2021ರಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಬಹಳ ಸರಳವಾಗಿತ್ತು: ಪ್ರಸ್ತಾವದ ಪ್ರತಿ ಎಲ್ಲಿದೆ? ರಸ್ತೆಬದಿಯ ಫಲಕದಲ್ಲಿ ಕನ್ನಡ ಹೆಸರು ಬಿಟ್ಟುಹೋದದ್ದು ಬೇರೆಯೇ ದೂರು. ಅದರ ಫೋಟೊ ತೆಗೆದು, ಸ್ಥಳ ಮತ್ತು ದಿನಾಂಕ ಬರೆದು, ಪಂಚಾಯತಿಗೋ ಲೋಕೋಪಯೋಗಿ ಇಲಾಖೆಗೋ ಕೊಟ್ಟರೆ ಅದು ಬಲವಾದ ದಾಖಲೆಯಾಗುತ್ತದೆ. ಹೆಸರು ಬದಲಾವಣೆಯ ಆದೇಶವೇ ಬಂದಿದೆ ಎಂಬ ಸುಳ್ಳಿನ ಜೊತೆ ಸೇರಿಸಿದರೆ ಆ ದೂರೂ ಬಿದ್ದುಹೋಗುತ್ತದೆ.

ಮೂರನೆಯ ಹೆಜ್ಜೆ: ಮೂಲದವರೆಗೆ ಹೋಗಿ, ಎರಡೂ ಭಾಷೆಗಳಲ್ಲಿ ಓದಿ

ಕಾಸರಗೋಡಿನ ಸುದ್ದಿ ಹೆಚ್ಚಾಗಿ ಮೊದಲು ಮಲಯಾಳದಲ್ಲಿ ಬರುತ್ತದೆ, ಅಲ್ಲಿಂದ ಕನ್ನಡಕ್ಕೆ, ಕೆಲವೊಮ್ಮೆ ಇಂಗ್ಲಿಷಿನ ಮೂಲಕ ಬಳಸಿಕೊಂಡು ಬರುತ್ತದೆ. ಪ್ರತಿ ದಾಟುವಿಕೆಯಲ್ಲೂ ಏನಾದರೊಂದು ಬಿದ್ದುಹೋಗುವುದುಂಟು: ‘ಆರೋಪಿಸಿದ್ದಾರೆ’ ಎಂಬುದು ‘ಆಗಿದೆ’ ಎಂದಾಗುತ್ತದೆ, ‘ಪರಿಶೀಲನೆಯಲ್ಲಿದೆ’ ಎಂಬುದು ‘ತೀರ್ಮಾನವಾಗಿದೆ’ ಎಂದಾಗುತ್ತದೆ. ಆದ್ದರಿಂದ ಕನ್ನಡದಲ್ಲಿ ಓದಿದ ಗಂಭೀರ ಸುದ್ದಿಯನ್ನು ಮಲಯಾಳದ ಒಂದು ಪತ್ರಿಕೆಯಲ್ಲಿಯೂ, ಮಲಯಾಳದ ಸುದ್ದಿಯನ್ನು ಮಂಗಳೂರಿನ ಒಂದು ಕನ್ನಡ ಪತ್ರಿಕೆಯಲ್ಲಿಯೂ ಹುಡುಕಿ ಹೋಲಿಸಿರಿ. ಮಲಯಾಳ ಲಿಪಿ ಓದಲು ಬಾರದಿದ್ದರೆ ಗೂಗಲ್ ಲೆನ್ಸ್ ಪುಟದ ಫೋಟೊದಿಂದಲೇ ಸಾರವನ್ನು ತೋರಿಸುತ್ತದೆ. ಯಂತ್ರದ ಅನುವಾದವನ್ನು ನಂಬಿ ಬರೆಯುವುದು ಮಾತ್ರ ಸಲ್ಲದು. ಮಲಯಾಳ ಬಲ್ಲ ನೆರೆಯವರನ್ನೋ ಶಾಲೆಯ ಮಾಸ್ಟ್ರನ್ನೋ ಕೇಳಿ ದೃಢಪಡಿಸಿಕೊಳ್ಳಬೇಕು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲವೂ ಕಿವಿಗೆ ಬೀಳುವ ಈ ಜಿಲ್ಲೆಯಲ್ಲಿ ಇನ್ನೊಂದು ಭಾಷೆ ಬಲ್ಲವರು ನೆರೆಮನೆಯಲ್ಲಿಯೇ ಇರುತ್ತಾರೆ. ಪರಿಶೀಲನೆಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಜಿಲ್ಲೆಗಳಿಗೆ ಇಲ್ಲವೆಂದೇ ನನ್ನ ಅಭಿಪ್ರಾಯ, ನಾವು ಅದನ್ನು ಬಳಸಿಕೊಳ್ಳುವುದು ಕಡಿಮೆ.

ಪತ್ರಿಕೆಯ ತುಣುಕಿನ ಫೋಟೊ ಬಂದರೆ, ಆ ಪತ್ರಿಕೆಯ ಆ ದಿನದ ಸಂಚಿಕೆಯನ್ನು ಜಾಲದಲ್ಲಿಯೋ ಗ್ರಂಥಾಲಯದಲ್ಲಿಯೋ ನೋಡಿ. ಮುದ್ರಿತ ಪತ್ರಿಕೆ ತನ್ನ ಮುದ್ರಕ, ಪ್ರಕಾಶಕ ಮತ್ತು ಸಂಪಾದಕರ ಹೆಸರನ್ನು ಸಂಚಿಕೆಯಲ್ಲಿಯೇ ಅಚ್ಚು ಹಾಕಬೇಕಾದುದು ಕಾನೂನಿನ ಕಡ್ಡಾಯ. ಸಂಪಾದಕರ ಹೆಸರು, ವಿಳಾಸ, ಸಂಪರ್ಕಿಸುವ ದಾರಿ ಯಾವುದೂ ಇಲ್ಲದ ಜಾಲತಾಣವನ್ನು ಸುದ್ದಿಯ ಮೂಲವೆಂದು ಎಣಿಸಬೇಡಿ.

ನಾಲ್ಕನೆಯ ಹೆಜ್ಜೆ: ಚಿತ್ರ, ವಿಡಿಯೊ ಮತ್ತು ಧ್ವನಿ

ಕುಂಬಳೆ ಸಮೀಪದ ಅನಂತಪುರ ಸರೋವರ ಕ್ಷೇತ್ರದ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ಸತ್ತಾಗ, ಒಬ್ಬ ವ್ಯಕ್ತಿ ನೀರಿನಲ್ಲಿ ಮೊಸಳೆಯನ್ನು ಅಪ್ಪಿಕೊಂಡಿರುವ ಚಿತ್ರ ಶ್ರದ್ಧಾಂಜಲಿಯೊಂದಿಗೆ ದೇಶವೆಲ್ಲ ಸುತ್ತಿತು. ಅದು ಕೋಸ್ಟರಿಕಾ ದೇಶದ ಪೋಚೊ ಎಂಬ ಮೊಸಳೆಯ ಚಿತ್ರ. ಪೋಚೊ 2011ರಲ್ಲಿಯೇ ಸತ್ತಿತ್ತು. ಹಂಚಿದವರಲ್ಲಿ ದುರುದ್ದೇಶವಿರಲಿಲ್ಲ, ಭಕ್ತಿಯಿತ್ತು. ಆದರೂ ನಮ್ಮದೇ ಊರಿನ ಮೊಸಳೆಯ ಬಗ್ಗೆ ನಾವೇ ತಪ್ಪು ಚಿತ್ರ ಹಂಚುವಂತಾಯಿತು.

ಇದನ್ನು ಹಿಡಿಯುವ ವಿಧಾನ ಹೀಗಿದೆ. ಚಿತ್ರವನ್ನು ಫೋನಿಗೆ ಇಳಿಸಿಕೊಂಡು ಗೂಗಲ್ ಲೆನ್ಸ್‌ನಲ್ಲಿ ತೆರೆಯಿರಿ. ಅಲ್ಲಿ ಸಿಗದಿದ್ದರೆ ಟಿನ್‌ಐ ಜಾಲತಾಣದಲ್ಲಿ ಹಾಕಿ, ಫಲಿತಾಂಶವನ್ನು ಹಳೆಯದು ಮೊದಲು ಬರುವಂತೆ ಜೋಡಿಸಿ ನೋಡಿ. ಘಟನೆಗಿಂತ ಹಿಂದಿನ ದಿನಾಂಕದಲ್ಲಿ ಅದೇ ಚಿತ್ರ ಸಿಕ್ಕಿದರೆ ಕೆಲಸ ಮುಗಿಯಿತು. ವಿಡಿಯೊ ಆಗಿದ್ದರೆ ಮುಖ್ಯ ದೃಶ್ಯಗಳಲ್ಲಿ ನಿಲ್ಲಿಸಿ ನಾಲ್ಕೈದು ಸ್ಕ್ರೀನ್‌ಶಾಟ್ ತೆಗೆದು ಒಂದೊಂದನ್ನೂ ಹೀಗೆಯೇ ಹುಡುಕಿ. ಏನೂ ಸಿಗದಿದ್ದರೆ ಚಿತ್ರದೊಳಗಿನ ಗುರುತುಗಳನ್ನು ನೋಡಬೇಕು. ನಮ್ಮ ಗಡಿಯಲ್ಲಿ ಈ ಗುರುತುಗಳು ಬಹಳ ಸ್ಪಷ್ಟ: ಕೆಎಲ್ 14 ಎಂದರೆ ಕಾಸರಗೋಡು, ಕೆಎಲ್ 60 ಎಂದರೆ ಕಾಞಂಗಾಡು, ಕೆಎ 19 ಎಂದರೆ ಮಂಗಳೂರು, ಕೆಎ 21 ಎಂದರೆ ಪುತ್ತೂರು. ಅಂಗಡಿ ಫಲಕದ ಲಿಪಿ, ಬಸ್ಸಿನ ಬಣ್ಣ, ಪೊಲೀಸ್ ವಾಹನದ ಮೇಲಿನ ಬರಹ, ಹಿನ್ನೆಲೆಯಲ್ಲಿ ಕೇಳುವ ಮಾತು ಇವೆಲ್ಲವನ್ನೂ ಒಟ್ಟಾಗಿ ನೋಡಿದರೆ ‘ಉಪ್ಪಳದಲ್ಲಿ ನಡೆದದ್ದು’ ಎಂಬ ವಿಡಿಯೊ ಎಷ್ಟೋ ದೂರದ್ದೆಂದು ತಿಳಿಯಬಹುದು. ವಾಹನದ ಸಂಖ್ಯೆ ಒಂದೇ ಸಾಕ್ಷಿಯಾಗದು, ಗಡಿಯಲ್ಲಿ ಎರಡೂ ಕಡೆಯ ವಾಹನಗಳು ಓಡಾಡುತ್ತವೆ.

ಚಿತ್ರ ಅಸಲಿಯಾಗಿದ್ದು ಜೊತೆಗಿನ ಮಾತು ಸುಳ್ಳಾಗಿರುವುದು ಎಲ್ಲಕ್ಕಿಂತ ಅಪಾಯಕಾರಿ. 2018ರಲ್ಲಿ ಮಕ್ಕಳ ಕಳ್ಳರ ವಿಡಿಯೊ ಎಂದು ದೇಶದಾದ್ಯಂತ ಹರಿದಾಡಿದ್ದು, ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಪಾಕಿಸ್ತಾನದ ಕರಾಚಿಯಲ್ಲಿ ಮಾಡಿದ ಜಾಗೃತಿ ಚಿತ್ರದ ತುಣುಕು. ಕೊನೆಯಲ್ಲಿ ಬರುವ ವಿವರಣೆಯನ್ನು ಕತ್ತರಿಸಿ ಹಾಕಲಾಗಿತ್ತು. ಮಕ್ಕಳ ಕಳ್ಳರ ವದಂತಿ ಹಬ್ಬಿದ್ದ ಆ ವರ್ಷ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ನಮ್ಮ ಇನ್ನೊಂದು ಗಡಿ ಜಿಲ್ಲೆಯಾದ ಬೀದರ್‌ನಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿ, ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಇದಾದ ಮೇಲೆಯೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂಬ ಮಿತಿ ತಂದದ್ದು. ಈಗ ಎರಡು ಬಾಣದ ಗುರುತಿರುವ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಬಹುದು. ಆ ಗುರುತು ಕಂಡರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದು ತಿಳಿಯಿರಿ. ಕಳುಹಿಸಿದ ದೊಡ್ಡಪ್ಪ ಎಷ್ಟೇ ನಂಬಿಗಸ್ತರಾದರೂ ಅದು ಅವರು ಕಣ್ಣಾರೆ ಕಂಡ ಸುದ್ದಿಯಲ್ಲ.

ಧ್ವನಿ ಸಂದೇಶಗಳಿಗೆ ಹುಡುಕುವ ಸಾಧನ ಕಡಿಮೆ. 2018ರ ಪ್ರವಾಹದ ಹೊತ್ತಿನಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಒಡೆದಿದೆ ಎಂಬ ಧ್ವನಿ ಸಂದೇಶ ಕೇರಳವನ್ನು ನಡುಗಿಸಿತು, ಅದು ಸುಳ್ಳೆಂದು ಸರ್ಕಾರವೇ ಹೇಳಬೇಕಾಯಿತು. ಮಾತನಾಡುವವರು ತಮ್ಮ ಹೆಸರು, ಹುದ್ದೆ, ದಿನಾಂಕ ಹೇಳದೆ ‘ಪರಿಚಯದ ಅಧಿಕಾರಿಯೊಬ್ಬರು ತಿಳಿಸಿದ್ದು’ ಎನ್ನುತ್ತಿದ್ದರೆ, ಕಳುಹಿಸಿದವರಿಗೆ ಕರೆ ಮಾಡಿ ಇದು ನಿಮಗೆ ಯಾರಿಂದ ಬಂತು ಎಂದು ಕೇಳಿ. ಎರಡು ಮೂರು ಕರೆಗಳಲ್ಲಿ ಎಳೆ ಕಡಿದುಹೋದರೆ ಅಲ್ಲಿಗೆ ನಿಲ್ಲಿಸಿ. ಈಗ ಯಂತ್ರದಿಂದಲೇ ಒಬ್ಬರ ಧ್ವನಿಯನ್ನು ಅನುಕರಿಸಬಹುದಾದ್ದರಿಂದ, ಪರಿಚಿತ ನಾಯಕರ ಕಂಠ ಕೇಳಿಸಿತು ಎಂಬುದೂ ಸಾಕ್ಷಿಯಾಗಿ ಉಳಿದಿಲ್ಲ. ಆ ಮಾತು ಎಲ್ಲಿ, ಯಾವ ಸಭೆಯಲ್ಲಿ ಆಡಿದ್ದು ಎಂಬುದು ಸಿಗಬೇಕು.

ಐದನೆಯ ಹೆಜ್ಜೆ: ಅಧಿಕೃತ ನಿರಾಕರಣೆಯನ್ನೂ ಪರಿಶೀಲಿಸಿ

ಬಹಳಷ್ಟು ಮಾರ್ಗದರ್ಶಿಗಳು ಅಧಿಕೃತ ಮೂಲವನ್ನು ನಂಬಿರಿ ಎಂಬಲ್ಲಿಗೆ ಮುಗಿಯುತ್ತವೆ. ಕಾಸರಗೋಡಿನ ಜನರಿಗೆ ಅಷ್ಟು ಹೇಳಿ ಸುಮ್ಮನಾಗುವಂತಿಲ್ಲ. ಇಲ್ಲಿನ ಗೇರು ತೋಟಗಳ ಮೇಲೆ, 4,500 ಹೆಕ್ಟೇರಿಗೂ ಹೆಚ್ಚಿನ ಪ್ರದೇಶದಲ್ಲಿ, ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರುಗಳಲ್ಲಿ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟುತ್ತಿರುವುದನ್ನು ಊರಿನ ವೈದ್ಯರಾದ ಡಾ. ವೈ.ಎಸ್. ಮೋಹನ್ ಕುಮಾರ್ ಗಮನಿಸಿದರು, ಪತ್ರಕರ್ತ ಶ್ರೀ ಪಡ್ರೆಯವರು ಬರೆದರು, ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯಕ್ಕೆ ಹೋದರು. ಆ ಕಾಲದಲ್ಲಿ ಔಷಧಕ್ಕೂ ರೋಗಕ್ಕೂ ಸಂಬಂಧವಿಲ್ಲವೆಂದು ಹೇಳಿದ ವರದಿಗಳೂ ಇದ್ದವು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ 2002ರಲ್ಲಿ ಊರಿನವರ ಮಾತಿಗೆ ಬಲ ಕೊಟ್ಟಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಅಧಿಕೃತ ನಿರಾಕರಣೆಯೇ ಕೊನೆಯ ಮಾತಾಗಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ.

ಹಾಗಾದರೆ ಊರಿನವರ ಮಾತು ವದಂತಿಯಾಗದೆ ಸುದ್ದಿಯಾದದ್ದು ಹೇಗೆ ಎಂಬುದನ್ನು ಯೋಚಿಸಬೇಕು. ಅವರು ಮನೆ ಮನೆಗೆ ಹೋಗಿ ಲೆಕ್ಕ ಇಟ್ಟರು, ರೋಗಿಗಳ ದಾಖಲೆ ಉಳಿಸಿದರು, ಹೊರಗಿನ ತಜ್ಞರು ಬಂದು ನೋಡಲು ಅವಕಾಶ ಕೊಟ್ಟರು, ಹೆಸರು ಹಾಕಿ ಬರೆದರು. ಯಾರು ಹೇಳಿದರೂ ಕೇಳಬೇಕಾದದ್ದು ಒಂದೇ: ಈ ಮಾತನ್ನು ಬೇರೊಬ್ಬರು ಸ್ವತಂತ್ರವಾಗಿ ಪರೀಕ್ಷಿಸಬಹುದಾದ ಆಧಾರವನ್ನು ಕೊಟ್ಟಿದ್ದಾರೆಯೇ? ಸರ್ಕಾರದ ‘ಸುಳ್ಳು ಸುದ್ದಿ’ ಎಂಬ ಮುದ್ರೆಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಕೇಂದ್ರ ಸರ್ಕಾರ ತನ್ನ ಕುರಿತ ಸುದ್ದಿಗಳ ಸತ್ಯಾಸತ್ಯವನ್ನು ತಾನೇ ನಿರ್ಧರಿಸುವ ಘಟಕಕ್ಕೆ ಕಾನೂನಿನ ಬಲ ಕೊಡಲು 2023ರಲ್ಲಿ ತಂದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿತು. ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆಯಾದ ಪಿಐಬಿಯ ಫ್ಯಾಕ್ಟ್ ಚೆಕ್ ಪುಟವಾಗಲಿ ರಾಜ್ಯದ ವಾರ್ತಾ ಇಲಾಖೆಯ ಸ್ಪಷ್ಟನೆಯಾಗಲಿ ಉಪಯುಕ್ತವೇ, ಆದರೆ ಅವುಗಳನ್ನು ಒಂದು ಕಡೆಯ ಉತ್ತರವೆಂದು ಓದಬೇಕು.

ಎರಡೂ ಕಡೆಯ ಮಾತನ್ನು ಹೇಗೆ ಹೇಳಬೇಕೆಂಬುದಕ್ಕೆ 2024ರ ಏಪ್ರಿಲ್ ತಿಂಗಳ ಪ್ರಕರಣ ಒಳ್ಳೆಯ ಅಭ್ಯಾಸ. ಲೋಕಸಭಾ ಚುನಾವಣೆಗೆ ಮೊದಲು ಕಾಸರಗೋಡಿನಲ್ಲಿ ನಡೆದ ಅಣಕು ಮತದಾನದಲ್ಲಿ ಕೆಲವು ಯಂತ್ರಗಳು ಬಿಜೆಪಿಗೆ ಹೆಚ್ಚುವರಿ ಮತ ತೋರಿಸಿದವು ಎಂದು ಇತರ ಪಕ್ಷಗಳ ಏಜೆಂಟರು ದೂರಿದರು. ಏಪ್ರಿಲ್ 18ರಂದು ಆ ವರದಿ ಸುಪ್ರೀಂ ಕೋರ್ಟ್‌ನಲ್ಲಿ ಪ್ರಸ್ತಾಪವಾಯಿತು. ಜಿಲ್ಲೆಯಿಂದ ವಿವರ ಪಡೆದ ಚುನಾವಣಾ ಆಯೋಗ ಆ ಸುದ್ದಿ ಸುಳ್ಳೆಂದು ಕೋರ್ಟಿಗೆ ತಿಳಿಸಿತು. ಮತಯಂತ್ರದ ಜೊತೆ ಮುದ್ರಿತವಾಗುವ ಎಲ್ಲ ವಿವಿಪ್ಯಾಟ್ ಚೀಟಿಗಳನ್ನು ಎಣಿಸಬೇಕೆಂಬ ಬೇಡಿಕೆಯನ್ನು ಕೋರ್ಟ್ ಏಪ್ರಿಲ್ 26ರಂದು ತಳ್ಳಿಹಾಕಿತು. ಈ ನಾಲ್ಕು ಸಂಗತಿಗಳನ್ನೂ ಅವುಗಳ ದಿನಾಂಕದೊಂದಿಗೆ ಹೇಳಿದರೆ ಅದು ಸುದ್ದಿ. ಮೊದಲನೆಯದನ್ನು ಮಾತ್ರ ಹೇಳುವುದಾಗಲಿ, ಆಯೋಗದ ಸ್ಪಷ್ಟನೆಯನ್ನು ಮಾತ್ರ ಹಿಡಿದು ದೂರೇ ಇರಲಿಲ್ಲವೆನ್ನುವುದಾಗಲಿ ಓದುಗರಿಗೆ ಮಾಡುವ ಮೋಸ.

ಆಧಾರ ಬೇಕಾದಾಗ ಮಾಹಿತಿ ಹಕ್ಕು ಕಾಯ್ದೆಯನ್ನು ಬಳಸಿ. ಅರ್ಜಿಗೆ 30 ದಿನಗಳೊಳಗೆ ಉತ್ತರ ಬರಬೇಕು, ಶುಲ್ಕ 10 ರೂಪಾಯಿ. ‘ಹೆಸರು ಬದಲಾಯಿಸುತ್ತೀರಾ’ ಎಂದು ಕೇಳಬೇಡಿ. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಈ ಗ್ರಾಮಗಳ ಹೆಸರಿನ ಬದಲಾವಣೆಗೆ ಸಂಬಂಧಿಸಿ ಬಂದ ಮತ್ತು ಕಳುಹಿಸಿದ ಪತ್ರಗಳ ಪ್ರತಿ ಕೊಡಿ’ ಎಂದು ಕೇಳಿ. ಕಾಯ್ದೆ ಕೊಡಿಸುವುದು ದಾಖಲೆಗಳನ್ನು, ಅಭಿಪ್ರಾಯಗಳನ್ನಲ್ಲ. ಸಾಮಾನ್ಯ ಪತ್ರವ್ಯವಹಾರಕ್ಕೆ ಇನ್ನೊಂದು ಹಕ್ಕೂ ಇದೆ: ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸಚಿವಾಲಯಕ್ಕೆ, ಇಲಾಖಾ ಮುಖ್ಯಸ್ಥರಿಗೆ ಮತ್ತು ಘೋಷಿತ ಪ್ರದೇಶಗಳ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿಯೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿಯೇ ಬರಬೇಕು. ವಿದ್ಯಾನಗರದ ಕಲೆಕ್ಟರೇಟಿಗೆ ಕನ್ನಡದಲ್ಲಿ ಪತ್ರ ಬರೆದು ಕನ್ನಡದಲ್ಲಿ ಉತ್ತರ ಪಡೆಯುವುದು ಸುದ್ದಿಯ ಪರಿಶೀಲನೆಯೂ ಹೌದು, ಭಾಷೆಯ ಹಕ್ಕನ್ನು ಜೀವಂತವಾಗಿರಿಸುವ ಕೆಲಸವೂ ಹೌದು.

ಆರನೆಯ ಹೆಜ್ಜೆ: ಗುಂಪಿನಲ್ಲಿ ತಿದ್ದುವುದು

ತಪ್ಪೆಂದು ತಿಳಿದ ಮೇಲೆ ಸುಮ್ಮನಿದ್ದರೆ ಪರಿಶೀಲಿಸಿದ್ದು ನಿಮ್ಮೊಬ್ಬರಿಗೆ ಮಾತ್ರ ಉಪಯೋಗವಾಗುತ್ತದೆ. ಆದರೆ ಹಿರಿಯರನ್ನು ಎಲ್ಲರೆದುರು ತಿದ್ದಿದರೆ ಅವರು ಮುಂದೆ ನಿಮ್ಮ ಮಾತನ್ನೇ ಓದುವುದಿಲ್ಲ. ಮೊದಲು ಅವರಿಗೆ ಖಾಸಗಿಯಾಗಿ ಕರೆ ಮಾಡಿ, ‘ಮಾವ, ನೀವು ಕಳುಹಿಸಿದ್ದನ್ನು ನೋಡಿದೆ, ನಿಮ್ಮ ಕಳವಳ ನನಗೂ ಇದೆ, ಆದರೆ ಆ ಆದೇಶ ಹುಡುಕಿದರೆ ಸಿಗಲಿಲ್ಲ’ ಎಂದು ಹೇಳಿ ಅವರೇ ತೆಗೆದುಹಾಕುವಂತೆ ಕೋರಿರಿ. ಆಮೇಲೆ ಗುಂಪಿನಲ್ಲಿ ಯಾರ ಹೆಸರನ್ನೂ ಎತ್ತದೆ ತಿದ್ದುಪಡಿ ಹಾಕಿರಿ. ಅದರ ಮೊದಲ ವಾಕ್ಯ ನಿಜಸಂಗತಿಯನ್ನೇ ಹೇಳಬೇಕು: ‘ನಾಳೆ ಕಾಸರಗೋಡು ಜಿಲ್ಲೆಯಲ್ಲಿ ಶಾಲೆಗಳಿವೆ; ರಜೆಯ ಆದೇಶ ದಕ್ಷಿಣ ಕನ್ನಡಕ್ಕೆ ಮಾತ್ರ.’ ಸುಳ್ಳು ಸಂದೇಶವನ್ನು ಪೂರ್ತಿ ಮತ್ತೊಮ್ಮೆ ಬರೆಯಬೇಡಿ. ಚಿತ್ರವನ್ನು ಹಾಕಲೇಬೇಕಾದರೆ ಅದರ ಮೇಲೆ ಅಡ್ಡಗೆರೆ ಎಳೆದು ಹಾಕಿರಿ. ಬಂದದ್ದು ಧ್ವನಿ ಸಂದೇಶವಾಗಿದ್ದರೆ ತಿದ್ದುಪಡಿಯೂ ಧ್ವನಿಯಲ್ಲಿರಲಿ, ಬಂದದ್ದು ಮಲಯಾಳದಲ್ಲಾಗಿದ್ದರೆ ತಿದ್ದುಪಡಿಯೂ ಮಲಯಾಳದಲ್ಲಿರಲಿ.

ಗುಂಪಿನ ಅಡ್ಮಿನ್‌ಗಳಲ್ಲಿ ಕಾನೂನಿನ ಭಯವಿರುವುದು ಸಹಜ. ಸದಸ್ಯರು ಹಾಕಿದ ಆಕ್ಷೇಪಾರ್ಹ ವಿಷಯಕ್ಕೆ ಅಡ್ಮಿನ್ ಆಗಿರುವ ಒಂದೇ ಕಾರಣದಿಂದ ಹೊಣೆಗಾರರಾಗುವುದಿಲ್ಲವೆಂದು ಕೇರಳ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. ಸಾರ್ವಜನಿಕ ಶಾಂತಿ ಕೆಡಿಸುವ ಸುಳ್ಳು ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಹರಡಿದವರಿಗೆ ಮಾತ್ರ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಮೂರು ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತದೆ. ಎರಡು ಸಮುದಾಯಗಳ ನಡುವೆ ಕಲಹ ಹುಟ್ಟಿಸಬಲ್ಲ ಸಂದೇಶ ಬಂದರೆ ಅದನ್ನು ಕೂಡಲೇ ಅಳಿಸಿ, ಅದಕ್ಕೆ ಮೊದಲು ಒಂದು ಪ್ರತಿಯನ್ನು ಸಮಯ ಕಾಣುವಂತೆ ಉಳಿಸಿಕೊಂಡು, ಪೊಲೀಸ್ ಠಾಣೆಗೆ ತಿಳಿಸಿ.

ಏಳನೆಯ ಹೆಜ್ಜೆ: ತಪ್ಪು ಪತ್ರಿಕೆಯದ್ದೇ ಆಗಿದ್ದರೆ

ಪತ್ರಿಕೆಯ ತಪ್ಪಿಗೆ ಮೊದಲು ಸಂಪಾದಕರಿಗೇ ಬರೆಯಬೇಕು. ದಿನಾಂಕ, ಪುಟ, ತಪ್ಪಾದ ವಾಕ್ಯ, ಸರಿಯಾದ ಸಂಗತಿ, ಅದರ ಆಧಾರ ಇಷ್ಟನ್ನು ಒಂದೇ ಪುಟದಲ್ಲಿ ಹೇಳಿ. ನಿಂದೆ ಬೇಡ; ಊರಿನ ಸುದ್ದಿಗಾರರಲ್ಲಿ ಹೆಚ್ಚಿನವರು ಅಲ್ಪ ಸಂಭಾವನೆಗೆ ದುಡಿಯುವವರು, ಆಧಾರದೊಂದಿಗೆ ಬಂದ ತಿದ್ದುಪಡಿಯನ್ನು ಅವರು ಸ್ವಾಗತಿಸುವುದೇ ಹೆಚ್ಚು. ಉತ್ತರ ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ, ಆ ಪತ್ರದ ಪ್ರತಿಯೊಂದಿಗೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ ಮತ್ತು ವಾರಪತ್ರಿಕೆಗಳಿಗೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳೊಳಗೆ ದೂರು ತಲುಪಬೇಕು. ಮಂಡಳಿ ದಂಡ ವಿಧಿಸಲಾರದು, ಎಚ್ಚರಿಕೆ ಮತ್ತು ಖಂಡನೆಯಷ್ಟೇ ಅದರ ಅಧಿಕಾರ.

ಟಿ.ವಿ. ವಾಹಿನಿಗಳು ಪತ್ರಿಕಾ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ಪ್ರಸಾರವಾದ ಏಳು ದಿನಗಳೊಳಗೆ ವಾಹಿನಿಗೆ ಬರೆದು, ಉತ್ತರ ತೃಪ್ತಿಕರವಾಗದಿದ್ದರೆ ಸುದ್ದಿ ಪ್ರಸಾರಕರ ಸಂಘದ ಸ್ವನಿಯಂತ್ರಣ ಪ್ರಾಧಿಕಾರವಾದ ಎನ್‌ಬಿಡಿಎಸ್‌ಎಗೆ ಹೋಗಬಹುದು. ಆ ಸಂಘದ ಸದಸ್ಯ ವಾಹಿನಿಗಳ ಮೇಲೆ ಮಾತ್ರ ಅದರ ಮಾತು ನಡೆಯುತ್ತದೆ.

ಸುದ್ದಿ ಬರೆಯುವವರಿಗೆ

ಓದುಗರ ಪರಿಶೀಲನೆಯಷ್ಟರಿಂದಲೇ ಮಾಧ್ಯಮದ ಮೇಲಿನ ವಿಶ್ವಾಸ ಉಳಿಯುವುದಿಲ್ಲ, ಪತ್ರಿಕೆಗೆ ಬರೆಯುವವರ ಪಾಲು ಅದರಲ್ಲಿ ದೊಡ್ಡದು. ಗಡಿಯ ಸುದ್ದಿ ಬರೆಯುವಾಗ ‘ಕನ್ನಡಿಗರಲ್ಲಿ ಆಕ್ರೋಶ’ ಎಂದು ಬರೆಯುವ ಮೊದಲು ಎಷ್ಟು ಮಂದಿಯೊಡನೆ ಮಾತನಾಡಿದಿರಿ, ಯಾವ ಊರಿನಲ್ಲಿ ಎಂದು ಬರೆಯಿರಿ. ಸಂಘಟನೆಯ ಪತ್ರಿಕಾ ಹೇಳಿಕೆಯನ್ನು ಹೇಳಿಕೆಯೆಂದೇ ಗುರುತಿಸಿರಿ. ಪಂಚಾಯತು, ಇಲಾಖೆ ಅಥವಾ ಎದುರು ಪಕ್ಷಕ್ಕೆ ಉತ್ತರಿಸಲು ಎಷ್ಟು ಸಮಯ ಕೊಟ್ಟಿರಿ ಎಂಬುದನ್ನು ಸುದ್ದಿಯೊಳಗೇ ಹೇಳಿರಿ. ಮಲಯಾಳದ ವರದಿಯನ್ನು ಆಧರಿಸಿದ್ದರೆ ಆ ಪತ್ರಿಕೆಯ ಹೆಸರು ಬರೆಯಿರಿ, ಹೆಸರು ಮುಚ್ಚಿಟ್ಟು ನಿಮ್ಮದೇ ವರದಿಯಂತೆ ಕೊಟ್ಟರೆ ಅದರ ತಪ್ಪೂ ನಿಮ್ಮದೇ ಆಗುತ್ತದೆ.

ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಹಾಕುವ ಪದ್ಧತಿ ವಿಶ್ವಾಸವನ್ನು ಅತಿ ವೇಗವಾಗಿ ಕಳೆಯುತ್ತದೆ. ಮುಖಪುಟದಲ್ಲಿ ಬಂದ ತಪ್ಪನ್ನು ಮುಖಪುಟದಲ್ಲಿಯೇ ತಿದ್ದಬೇಕು. ಜಾಲತಾಣದಲ್ಲಾದರೆ ಹಳೆಯ ವರದಿಯನ್ನು ಸದ್ದಿಲ್ಲದೆ ಅಳಿಸದೆ, ಅದರ ತಲೆಯ ಮೇಲೆ ಏನನ್ನು, ಯಾವ ದಿನ, ಏಕೆ ತಿದ್ದಲಾಯಿತು ಎಂದು ಬರೆಯಬೇಕು. 2021ರ ಹೆಸರು ಬದಲಾವಣೆಯ ಸುದ್ದಿ ಯಾವ ಟಿಪ್ಪಣಿಯೂ ಇಲ್ಲದೆ ಉಳಿದಿರುವ ಪುಟಗಳಿದ್ದರೆ, ಸ್ಪಷ್ಟನೆಯ ಎರಡು ಸಾಲನ್ನು ಅವುಗಳ ಮೇಲೆ ಇಂದೇ ಸೇರಿಸಬಹುದು. ಹುಡುಕಿದವರಿಗೆ ಮೊದಲು ಸಿಗುವುದು ಆ ಹಳೆಯ ಪುಟಗಳೇ.